ನಂಬರ್ ಇರೋ ಬ್ರೋಕರ್

ಬ್ರೋಕರ್ ಅನ್ನೋದು ನಮ್ಮ ಕಡೆ ಕೆಲಸದ ಹೆಸರಿಗಿಂತ ಹೆಚ್ಚಾಗಿ ಬೈಗುಳ. ಸೈಟು ತೋರಿಸುವವರನ್ನೇ ಕೇಳಿ ನೋಡಿ, ತಾನು ಬ್ರೋಕರ್ ಎಂದು ಯಾರೂ ಹೇಳುವುದಿಲ್ಲ. ‘ಸಣ್ಣ ಬಿಸಿನೆಸ್’ ಎನ್ನುತ್ತಾರೆ, ‘ಲ್ಯಾಂಡ್ ವ್ಯವಹಾರ’ ಎನ್ನುತ್ತಾರೆ, ‘ಪರಿಚಯದವರಿಗೆ ಸುಮ್ನೆ ಮಾಡಿಸಿಕೊಡ್ತೀನಿ’ ಎನ್ನುತ್ತಾರೆ. ನನ್ನ ಸೋದರಮಾವನೂ ಹಾಗೇ. ಮಗನ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವರು ಬರೆಸಿರುವುದು ‘ಕೃಷಿ’. ಇರುವುದು ಒಂದೂವರೆ ಎಕರೆ ರಾಗಿ ಹೊಲ. ಮನೆ ನಡೆಯುವುದು ತುಮಕೂರಿನ ಸುತ್ತಮುತ್ತ ಸೈಟು ತೋರಿಸಿ ಬರುವ ಕಮಿಷನ್‌ನಿಂದ.

ನಮ್ಮ ಕ್ಲಾಸಿನಲ್ಲೂ ಈ ಕೆಲಸಕ್ಕೆ ಅಷ್ಟೇ ಮರ್ಯಾದೆ. ಪ್ಲೇಸ್‌ಮೆಂಟ್ ಮಾತು ಬಂದಾಗಲೆಲ್ಲ ‘ಏನೂ ಸಿಗದಿದ್ರೆ ರಿಯಲ್ ಎಸ್ಟೇಟ್ ಇದ್ದೇ ಇದೆ ಬಿಡು’ ಎಂದು ಯಾರಾದರೂ ಹೇಳುತ್ತಾರೆ, ಉಳಿದವರು ನಗುತ್ತಾರೆ. ನಿಜವಾಗಿಯೂ ಹಾಗೆ ಇದ್ದೇ ಇದೆಯಾ? ನಾಳೆ ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ಕಾನೂನು ಒಪ್ಪುವ ಏಜೆಂಟ್ ಆಗಬೇಕೆಂದರೆ ಏನೇನು ಬೇಕು? ನನಗೆ ಇದು ಗೊತ್ತಾಗಿದ್ದು ಕಳೆದ ವರ್ಷ, ಮಾವನ ನೋಂದಣಿ ಅರ್ಜಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತುಂಬುವಾಗ. ‘ನೀನು ಸಿವಿಲ್ ಇಂಜಿನಿಯರಿಂಗ್ ಓದ್ತಿದ್ದೀಯಲ್ಲವ್ವ, ಇದೆಲ್ಲ ನಿಂಗೇ ಗೊತ್ತಿರ್ತದೆ’ ಎಂದು ಅವರು ಒಂದು ಕವರ್ ತುಂಬಾ ಜೆರಾಕ್ಸ್ ಹಿಡಿದು ಬಂದರು. ಬಿ.ಇ. ಸಿಲೆಬಸ್‌ನಲ್ಲಿ ಇದ್ಯಾವುದೂ ಇಲ್ಲ ಎಂದರೆ ನಂಬಲಿಲ್ಲ.

ಮೊದಲು ಕಾನೂನು. ರೇರಾ ಎಂದು ನಾವೆಲ್ಲ ಕರೆಯುವ ರಿಯಲ್ ಎಸ್ಟೇಟ್ ಕಾಯ್ದೆಯನ್ನು ಸಂಸತ್ತು 2016ರಲ್ಲಿ ಒಪ್ಪಿತು. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 2017ರ ಮೇ 1ರಿಂದ. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ಬಿಲ್ಡರ್‌ಗಳನ್ನು ಹದ್ದುಬಸ್ತಿನಲ್ಲಿಡುವ ಕಾಯ್ದೆ ಎಂದೇ ಇದು ಹೆಸರುವಾಸಿ. ಆದರೆ ಇದರ 9 ಮತ್ತು 10ನೇ ಕಲಂಗಳು ಇರುವುದು ಏಜೆಂಟರ ಬಗ್ಗೆ. ಏಜೆಂಟ್ ಎಂದರೆ ಯಾರು ಎಂಬ ವ್ಯಾಖ್ಯೆಯಲ್ಲಿ ಡೀಲರ್, ಬ್ರೋಕರ್, ಮಧ್ಯವರ್ತಿ ಎಲ್ಲರೂ ಬರುತ್ತಾರೆ, ಹೆಸರು ಏನಾದರೂ ಇರಲಿ. ಕಮಿಷನ್ ಪಡೆದು ಕೊಳ್ಳುವವರನ್ನೂ ಮಾರುವವರನ್ನೂ ಭೇಟಿ ಮಾಡಿಸಿದರೆ ಸಾಕು. ‘ಸುಮ್ನೆ ಪರಿಚಯದವರಿಗೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಂತ ಮನೆ ಬಾಡಿಗೆಗೆ ಕೊಡಿಸುವವರಿಗೆ, ಯಾರದೋ ಹಳೆ ಮನೆ ಮಾರಿಸಿಕೊಡುವವರಿಗೆ ಈ ನೋಂದಣಿ ಬೇಕಿಲ್ಲ. ಬೇಕಾಗುವುದು ರೇರಾದಲ್ಲಿ ನೋಂದಣಿಯಾದ ಲೇಔಟ್, ಅಪಾರ್ಟ್‌ಮೆಂಟ್‌ಗಳಲ್ಲಿ ಮಾರಾಟ ಮಾಡಿಸುವವರಿಗೆ. ಯಾವ ಲೇಔಟ್ ನೋಂದಣಿ ಆಗಬೇಕು? ಜಾಗ 500 ಚದರ ಮೀಟರ್ ದಾಟಿರಬೇಕು, ಅಥವಾ ಅಪಾರ್ಟ್‌ಮೆಂಟ್ ಆದರೆ ಎಂಟಕ್ಕಿಂತ ಹೆಚ್ಚು ಮನೆಗಳಿರಬೇಕು. ಮಾವನಿಗೆ ಚದರ ಮೀಟರ್ ಎಂದರೆ ತಲೆಗೆ ಹೋಗುವುದಿಲ್ಲ, ಅವರದ್ದೇನಿದ್ದರೂ ಗುಂಟೆ ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. ಐದು ಗುಂಟೆ 5445 ಚದರ ಅಡಿ, ಮೀಟರಿಗೆ ತಿರುಗಿಸಿದರೆ 505 ಚದರ ಮೀಟರ್ ಚಿಲ್ಲರೆ. ‘ಐದು ಗುಂಟೆ ಸೈಟು ಮಾಡಿದ್ರೂ ರೇರಾ ಬೇಕು ಮಾವ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಾನು ಇಷ್ಟು ದಿನ ತೋರ್ಸಿದ್ದೆಲ್ಲ?’ ಎಂದರು.

ಅವರು ತೋರಿಸಿದ್ದರಲ್ಲಿ ಒಂದರ ಕಥೆ ಇಡೀ ಬೀದಿಗೆ ಗೊತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಒಬ್ಬ ಅಕ್ಕ, ಅವರ ಗಂಡ ಆಟೊ ಓಡಿಸುತ್ತಾರೆ. ಚೀಟಿ ಎತ್ತಿ, ಒಡವೆ ಅಡವಿಟ್ಟು, ಊರಾಚೆಯ ಒಂದು ಲೇಔಟಿನಲ್ಲಿ 30-40 ಸೈಟು ತಗೊಂಡರು. ಕೃಷಿ ಜಮೀನು, ಕನ್ವರ್ಷನ್ ಆಗಿರಲಿಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು ಸೈಟು ಎಂದಿದ್ದರು. ರಿಜಿಸ್ಟರ್ ಆಗದ ಕಾರಣ ಜಿಪಿಎ ಮತ್ತು ಅಗ್ರಿಮೆಂಟ್ ಬರೆದುಕೊಟ್ಟಿದ್ದರು. ಇಂಥ ಜಿಪಿಎ, ಅಗ್ರಿಮೆಂಟ್‌ಗಳಿಂದ ಆಸ್ತಿಯ ಮಾಲೀಕತ್ವ ಕೈ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅದು ಆ ಅಕ್ಕನಿಗೆ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಇವತ್ತಿಗೂ ಖಾತೆ ಇಲ್ಲ, ಬ್ಯಾಂಕ್ ಸಾಲ ಇಲ್ಲ, ಮನೆ ಕಟ್ಟುವ ಧೈರ್ಯ ಇಲ್ಲ. ಲೇಔಟ್ ಮಾಡಿದಾತ ಫೋನ್ ಎತ್ತುವುದಿಲ್ಲ. ಹಾಗಾಗಿ ಅವರು ಬರುವುದು ನಮ್ಮ ಮಾವನ ಮನೆಗೆ. ಗಲಾಟೆ ಮಾಡುವುದಿಲ್ಲ, ಜಗಲಿಯ ಮೇಲೆ ಕೂರುತ್ತಾರೆ. ಒಮ್ಮೆ ನಾನಿದ್ದಾಗಲೇ ಬಂದಿದ್ದರು. ‘ಆ ಓನರ್ ಮುಖ ನಾವು ಸರಿಯಾಗಿ ನೋಡೂ ಇಲ್ಲ ಕಣಣ್ಣ. ನಿನ್ನ ಮುಖ ನೋಡಿ ದುಡ್ಡು ಕೊಟ್ವಿ’ ಎಂದರು. ಮಾವ ಲೋಟದಲ್ಲಿದ್ದ ಕಾಫಿಯನ್ನು ಆರುವವರೆಗೂ ಕುಡಿಯಲಿಲ್ಲ.

ಈ ಕಾಯ್ದೆಯನ್ನು ಓದುವಾಗ ನನಗೆ ಆ ಅಕ್ಕನದೇ ನೆನಪು. 9ನೇ ಕಲಂ ಹೇಳುವುದು, ನೋಂದಣಿಯಾದ ಯೋಜನೆಯಲ್ಲಿ ನೋಂದಣಿ ಇಲ್ಲದ ಏಜೆಂಟ್ ಮಾರಾಟ ಮಾಡಿಸಬಾರದು ಎಂದು. 10ನೇ ಕಲಂ ಹೇಳುವುದು, ನೋಂದಣಿಯಾದ ಏಜೆಂಟ್ ನೋಂದಣಿ ಇಲ್ಲದ ಯೋಜನೆಯಲ್ಲಿ ಮಾರಾಟ ಮಾಡಿಸಬಾರದು ಎಂದು. ಸರಿ, ಹಾಗಾದರೆ ನೋಂದಣಿ ಇಲ್ಲದ ಬ್ರೋಕರ್, ನೋಂದಣಿ ಇಲ್ಲದ ಲೇಔಟ್? ಅಕ್ಷರಕ್ಕೆ ಅಕ್ಷರ ಹಿಡಿದು ಓದಿದರೆ ಆತ ಎರಡು ಕಲಂಗಳ ಸಂದಿಯಲ್ಲಿ ನುಸುಳಿ ಹೋಗುತ್ತಾನೆ. ಲೇಔಟ್ ಮಾಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿದೆ, ಮೋಸಕ್ಕೆ ಪೊಲೀಸ್ ಠಾಣೆಯಿದೆ, ಸಿವಿಲ್ ಕೋರ್ಟ್ ಇದೆ. ಆದರೆ ಹಳ್ಳಿ ಅಂಚಿನ ಬಡವರು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗದಲ್ಲೇ ಏಜೆಂಟನ ಹೊಣೆ ಇಷ್ಟು ಮಸುಕಾಗಿರುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ನೋಂದಣಿ ಎನ್ನುವುದು ಏಜೆಂಟ್ ತಾನಾಗಿ ಹೋಗಿ ಹಗ್ಗಕ್ಕೆ ಕೊರಳು ಕೊಟ್ಟ ಹಾಗೆ. ನಂಬರ್ ಬಂದ ದಿನದಿಂದ ಅಂಥ ಲೇಔಟ್ ತೋರಿಸಿದರೆ ಆತ ಸಿಕ್ಕಿಬೀಳುತ್ತಾನೆ. 31ನೇ ಕಲಂ ಪ್ರಕಾರ ನೊಂದವರು ಬಿಲ್ಡರ್ ಮೇಲಷ್ಟೇ ಅಲ್ಲ, ಏಜೆಂಟ್ ಮೇಲೂ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಮಾವ ಕೊರಳು ಕೊಟ್ಟಿದ್ದು ಆದರ್ಶಕ್ಕೇನಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೈವೇ ಪಕ್ಕ ಶುರುವಾದ ಒಂದು ದೊಡ್ಡ ಲೇಔಟಿನವರು, ‘ರೇರಾ ನಂಬರ್ ಇಲ್ಲದ ಏಜೆಂಟ್‌ಗೆ ಕಮಿಷನ್ ಬಿಲ್ ಮಾಡಕ್ಕಾಗಲ್ಲ’ ಎಂದು ವಾಪಸ್ ಕಳಿಸಿದ್ದರು. ಅಲ್ಲಿಗೆ ಮಾವ ಕರೆದುಕೊಂಡು ಹೋಗಿದ್ದ ಗಿರಾಕಿಯನ್ನು ನಂಬರ್ ಇದ್ದ ಇನ್ನೊಬ್ಬ ಹಿಡಿದುಕೊಂಡ. ಆ ಸಿಟ್ಟಿಗೇ ಅರ್ಜಿ ಹಾಕಲು ಹೊರಟಿದ್ದು.

ಅರ್ಜಿ ಹಾಕುವುದು ಕಷ್ಟವಲ್ಲ. ಎಲ್ಲವೂ ಕರ್ನಾಟಕ ರೇರಾದ ಜಾಲತಾಣದಲ್ಲೇ ಆಗುತ್ತದೆ. ಅರ್ಜಿಯ ಹೆಸರು ನಮೂನೆ ಜಿ. ಪ್ಯಾನ್ ಕಾರ್ಡ್, ಫೋಟೊ, ವ್ಯವಹಾರ ನಡೆಸುವ ಜಾಗದ ವಿಳಾಸಕ್ಕೆ ದಾಖಲೆ, ಹಿಂದಿನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಬೇಕು. ರಿಟರ್ನ್ಸ್ ಕಟ್ಟುವಷ್ಟು ಆದಾಯ ಇಲ್ಲದವರು ಹಾಗೆಂದು ಘೋಷಣೆ ಬರೆದು ಕೊಡಬಹುದು. ಇದು ನಮ್ಮಂಥ ವಿದ್ಯಾರ್ಥಿಗಳಿಗೆ ಸಿಹಿ ಸುದ್ದಿ. ಮಾವನಿಗೆ ಮಾತ್ರ ಇದೇ ದೊಡ್ಡ ತಲೆನೋವಾಯಿತು. ಹನ್ನೆರಡು ವರ್ಷದಿಂದ ಕಮಿಷನ್ ಎಲ್ಲ ಕೈಗೇ ಬಂದದ್ದು, ಲೆಕ್ಕ ಇದ್ದದ್ದು ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ. ಆಡಿಟರ್ ಹತ್ತಿರ ಮೂರು ಸಲ ಓಡಾಡಿದ ಮೇಲೆ ಆ ಕಾಗದಗಳು ಸರಿಯಾದವು. ಕಚೇರಿ ಎಲ್ಲಿದೆ ಎಂಬ ಪ್ರಶ್ನೆಗೂ ಅವರು ಪೇಚಾಡಿದರು, ಏಕೆಂದರೆ ಅವರ ಕಚೇರಿ ಎಂದರೆ ಕ್ಯಾತ್ಸಂದ್ರದ ಒಂದು ಟೀ ಅಂಗಡಿ. ಕೊನೆಗೆ ಮನೆಯ ವಿಳಾಸವನ್ನೇ ಕೊಟ್ಟೆವು.

ಶುಲ್ಕ ಒಬ್ಬ ವ್ಯಕ್ತಿಗೆ 25 ಸಾವಿರ ರೂಪಾಯಿ. ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆದರೆ 2 ಲಕ್ಷ. ಐದು ವರ್ಷ ಚಾಲ್ತಿಯಲ್ಲಿರುತ್ತದೆ, ರಾಜ್ಯದ ಯಾವ ಊರಿನಲ್ಲಾದರೂ ಕೆಲಸ ಮಾಡಬಹುದು. ಪಕ್ಕದ ರಾಜ್ಯದಲ್ಲಿ ಮಾರಿಸಬೇಕೆಂದರೆ ಅಲ್ಲಿಯ ರೇರಾದಲ್ಲಿ ಬೇರೆ ನೋಂದಣಿ. 25 ಸಾವಿರ ಎಂದ ಕೂಡಲೇ ಅತ್ತೆ ‘ಒಂದು ಹಸು ಬರ್ತದೆ ಆ ದುಡ್ಡಿಗೆ’ ಎಂದರು. ನಾನು ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. 12 ಲಕ್ಷದ ಒಂದು ಸೈಟು ಮಾರಿಸಿ ನೂರಕ್ಕೆ ಎರಡರಂತೆ ಕಮಿಷನ್ ಬಂದರೆ 24 ಸಾವಿರ. ಐದು ವರ್ಷದ ನೋಂದಣಿಗೆ ಹೆಚ್ಚು ಕಡಿಮೆ ಒಂದು ಸೈಟಿನ ಕಮಿಷನ್. ನೋಂದಣಿ ಇಲ್ಲದೆ ಮಾಡಿ ಸಿಕ್ಕಿಬಿದ್ದರೆ ದಿನಕ್ಕೆ 10 ಸಾವಿರ ದಂಡ, ಸೈಟಿನ ಬೆಲೆಯ ಶೇ 5ರವರೆಗೆ ಏರಬಹುದು. ಅದೇ 12 ಲಕ್ಷದ ಸೈಟಿಗೆ 60 ಸಾವಿರ, ಅಂದರೆ ಆರೇ ದಿನ. ಅತ್ತೆ ಹಸುವಿನ ಮಾತು ಬಿಟ್ಟರು.

ಅರ್ಜಿಯನ್ನು ಒಪ್ಪುವುದಕ್ಕೋ ತಿರಸ್ಕರಿಸುವುದಕ್ಕೋ ಪ್ರಾಧಿಕಾರಕ್ಕೆ ಗಡುವು ಇದೆ. ತಿರಸ್ಕರಿಸುವುದಾದರೆ ಕಾರಣ ಕೊಟ್ಟು, ಅರ್ಜಿದಾರರ ಮಾತು ಕೇಳಿಯೇ ಮಾಡಬೇಕು. ಗಡುವಿನೊಳಗೆ ಏನನ್ನೂ ತಿಳಿಸದಿದ್ದರೆ ನೋಂದಣಿ ಆಗಿದೆ ಎಂದೇ ಅರ್ಥ ಎನ್ನುತ್ತದೆ ಕಾಯ್ದೆ. ಮಾವನಿಗೆ ಆ ಗೊಂದಲ ಬರಲಿಲ್ಲ, ನಂಬರ್ ಬಂತು.

ಈ ಅರ್ಜಿಯಲ್ಲಿ ನನಗೆ ಆಶ್ಚರ್ಯ ಆಗಿದ್ದು ಏನಿದೆ ಎಂಬುದಲ್ಲ, ಏನಿಲ್ಲ ಎಂಬುದು. ಓದು ಎಷ್ಟಾಗಿದೆ ಎಂಬ ಷರತ್ತಿಲ್ಲ. ನಮ್ಮ ರಾಜ್ಯದ 2017ರ ನಿಯಮಗಳಲ್ಲಿ ಪರೀಕ್ಷೆ ಎಂಬ ಮಾತೇ ಇಲ್ಲ. ಬೈಕ್ ಓಡಿಸಲು ಎಲ್‌ಎಲ್‌ಆರ್‌ಗೂ ನಾವು ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯುತ್ತೇವೆ! ಒಬ್ಬರ ಜೀವಮಾನದ ಉಳಿತಾಯವನ್ನು ಎಲ್ಲಿ ಹಾಕಬೇಕೆಂದು ಹೇಳುವವನಿಗೆ ಪಹಣಿ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಮಹಾರಾಷ್ಟ್ರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಮೆರಿಕದ ಟೆಕ್ಸಾಸ್‌ನಲ್ಲಿ 180 ಗಂಟೆಗಳ ಪಾಠ ಮುಗಿಸಿದ ಮೇಲೆ ಪರೀಕ್ಷೆ. ನಮ್ಮಲ್ಲೂ ಬರಬೇಕು ಎನ್ನುವುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ ಓದಿದ ಮಾವನಿಗೆ ತೊಂದರೆ ಆಗುವುದಿಲ್ಲವೇ ಎಂದು ಸ್ನೇಹಿತೆಯೊಬ್ಬಳು ಕೇಳಿದಳು. ಕನ್ನಡದಲ್ಲಿ ಬರೆಯಲು ಬಿಟ್ಟರೆ ನಮ್ಮ ಕ್ಲಾಸಿನ ಅರ್ಧ ಜನರಿಗಿಂತ ಚೆನ್ನಾಗಿ ಬರೆಯುತ್ತಾರೆ, ನನಗೆ ಆ ಭರವಸೆ ಇದೆ.

ಪರೀಕ್ಷೆ ಇಲ್ಲದ ಮೇಲೆ ನಾವೇ ಕಲಿಯಬೇಕು. ಎಲ್ಲಿಂದ? ಮಾವ ಮತ್ತು ನಾನು ಶುರು ಮಾಡಿದ್ದು ಪಹಣಿಯಿಂದ. 9ನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ಎಲ್ಲರೂ ನೋಡುತ್ತಾರೆ. ಸಾಲ, ಕೋರ್ಟ್ ತಡೆ, ಇತರರ ಹಕ್ಕು ಇರುವುದು 11ನೇ ಕಾಲಂನಲ್ಲಿ, ಅದನ್ನು ಓದುವವರು ಕಡಿಮೆ. ಆಮೇಲೆ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಮ್ಯುಟೇಷನ್ ಹಿಡಿದು ಹಿಂದಕ್ಕೆ ಹೋಗಬೇಕು. ಅಪ್ಪನಿಂದ ಮಗನಿಗೆ ಪೌತಿ ಖಾತೆಯಲ್ಲಿ ಬಂದಿದ್ದರೆ ವಂಶವೃಕ್ಷ ಕೇಳಬೇಕು. ಇಲ್ಲಿ ನನ್ನದೊಂದು ಸ್ವಂತ ಹಟ ಇದೆ. ‘ಅಣ್ಣತಮ್ಮಂದಿರೆಲ್ಲ ಸಹಿ ಹಾಕಿದಾರೆ, ತೊಂದ್ರೆ ಇಲ್ಲ’ ಎಂದು ಲೇಔಟಿನವರು ಹೇಳುತ್ತಾರಲ್ಲ, ಅಕ್ಕತಂಗಿಯರು? 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಅವಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಮದುವೆ ಮಾಡಿ ಕಳಿಸಿದ ಮಗಳ ಸಹಿ ಬಿಟ್ಟು ಮಾಡಿದ ಲೇಔಟಿನ ಮೇಲೆ ಹತ್ತು ವರ್ಷ ಆದಮೇಲೂ ಕೇಸು ಬೀಳಬಹುದು. ಸೈಟು ಕೊಂಡವರು ಮನೆ ಕಟ್ಟಿ ಗೃಹಪ್ರವೇಶ ಮುಗಿಸಿರುತ್ತಾರೆ.

ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಹೌದೇ ಎಂಬುದು ಇನ್ನೊಂದು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ, ಮಾರಿದ್ದರೆ ಮೂಲ ಮಂಜೂರುದಾರರಿಗೆ ವಾಪಸ್ ಹೋಗುತ್ತದೆ. ಕನ್ವರ್ಷನ್ ಆದೇಶ, ಟೂಡಾ ಅನುಮೋದಿಸಿದ ನಕ್ಷೆ, ಋಣಭಾರ ಪತ್ರ ಅಂದರೆ ಇಸಿ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರಾಟ ಆಗಿದ್ದರೆ 11ಇ ಸ್ಕೆಚ್, ಇವೆಲ್ಲ ಆಮೇಲೆ ಬರುತ್ತವೆ. ಇಸಿಯನ್ನು ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು. ನಿಂತ ಜಾಗದ ಸರ್ವೆ ನಂಬರ್ ಯಾವುದು, ಅದರಲ್ಲಿ ಕೆರೆ, ಗೋಮಾಳ ಇದೆಯೇ ಎಂದು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಸರ್ವೆಯಿಂಗ್ ಪೇಪರ್‌ನಲ್ಲಿ ನನಗೆ ಬಂದ ಅಂಕ ಹೇಳುವಷ್ಟೇನಿಲ್ಲ. ಆದರೆ ಹೊಲದ ಬದುವಿನ ಮೇಲೆ ನಿಂತು ಗ್ರಾಮ ನಕ್ಷೆಯನ್ನೂ ಲೇಔಟ್ ಪ್ಲ್ಯಾನನ್ನೂ ಪಕ್ಕಪಕ್ಕ ಹಿಡಿದು, ಪ್ಲ್ಯಾನಿನಲ್ಲಿ ಪಾರ್ಕ್ ಎಂದು ಬರೆದ ಜಾಗ ನಕ್ಷೆಯಲ್ಲಿ ಹಳ್ಳ ಎಂದು ಕಂಡುಹಿಡಿದ ದಿನ, ನಾನು ಓದುತ್ತಿರುವುದಕ್ಕೂ ಒಂದು ಉಪಯೋಗ ಇದೆ ಅನ್ನಿಸಿತು.

ಇನ್ನು ಸೈಟು ಹುಡುಕುತ್ತಿರುವ ನಿಮಗೆ, ನಿಮ್ಮ ಮನೆಯವರಿಗೆ ಉಪಯೋಗ ಆಗುವ ಒಂದು ವಿಷಯ. ರಸ್ತೆ ಬದಿ ಫ್ಲೆಕ್ಸ್‌ನಲ್ಲಿ ‘ರೇರಾ ಅಪ್ರೂವ್ಡ್’ ಎಂದು ದಪ್ಪಕ್ಷರದಲ್ಲಿ ಹಾಕಿ ಕೆಳಗೆ ಉದ್ದದೊಂದು ನಂಬರ್ ಕೊಟ್ಟಿರುತ್ತಾರೆ. ಆ ನಂಬರಿನ ನಡುವೆ ‘ಪಿಆರ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಯೋಜನೆಯ ನೋಂದಣಿ. ‘ಎಜಿ’ ಇದ್ದರೆ ಅದು ಏಜೆಂಟನದು ಮಾತ್ರ. ಏಜೆಂಟನ ನಂಬರ್ ತೋರಿಸಿ ಲೇಔಟೇ ನೋಂದಣಿಯಾಗಿದೆ ಎಂದು ನಂಬಿಸಲು ನೋಡಿದರೆ ಹುಷಾರಾಗಿರಿ. ಜಾಹೀರಾತಿನಲ್ಲಿ ಎರಡೂ ಇರಬೇಕು. ಎರಡನ್ನೂ ರೇರಾ ಜಾಲತಾಣದಲ್ಲಿ ಹುಡುಕಿ ನೋಡಬಹುದು, ಒಂದು ರೂಪಾಯಿ ಖರ್ಚಿಲ್ಲ. ಮತ್ತೆ, ಬರವಣಿಗೆಯಲ್ಲಿ ಕರಾರು ಮಾಡಿ ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ‘ಇವತ್ತೇ ಅರ್ಧ ಕಟ್ಟಿ, ನಾಳೆಯಿಂದ ರೇಟ್ ಜಾಸ್ತಿ’ ಎನ್ನುವವರ ಮುಂದೆ ಈ ಒಂದು ಮಾತು ಆಡಿ ನೋಡಿ.

ನಂಬರ್ ಬಂದ ಮೇಲೆ ಮಾವನ ಬದುಕು ಬಂಗಾರ ಆಯಿತೇ? ಇಲ್ಲ. ಮೊದಲು ವರ್ಷಕ್ಕೆ ಒಂಬತ್ತೋ ಹತ್ತೋ ಸೈಟು ಮಾರಿಸುತ್ತಿದ್ದವರು ಈ ವರ್ಷ ಮಾರಿಸಿದ್ದು ನಾಲ್ಕು. ಕನ್ವರ್ಷನ್ ಇಲ್ಲದ ಲೇಔಟಿನವರು ಈಗ ಅವರನ್ನು ಕರೆಯುವುದಿಲ್ಲ. ‘ನಿಮ್ದು ರೇರಾ ಗೀರಾ ಜಾಸ್ತಿ ಆಯ್ತು’ ಎಂದು ಒಬ್ಬಾತ ಮುಖಕ್ಕೇ ಹೇಳಿದನಂತೆ. ಇನ್ನೊಂದು ಕಡೆ, ಬ್ಯಾಂಕ್ ಸಾಲ ಸಿಗುವ ಲೇಔಟ್‌ಗಳಲ್ಲಿ ಕಮಿಷನ್ ಚೆಕ್‌ನಲ್ಲಿ ಬರುತ್ತಿದೆ, ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಲೆಕ್ಕ ಬರೆಯಲೇಬೇಕು ಎಂದು ಕಾಯ್ದೆ ಹೇಳುವುದರಿಂದ ಕ್ಯಾಲೆಂಡರ್ ಹೋಗಿ ಉದ್ದನೆಯ ಲೆಡ್ಜರ್ ಪುಸ್ತಕ ಬಂದಿದೆ. ನಂಬರನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕೆ ಅತ್ತೆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರೆ. ಟೀ ಅಂಗಡಿಯಲ್ಲೂ ಒಂದು ಜೆರಾಕ್ಸ್ ಅಂಟಿಸಿದ್ದಾರೆ. ಅಂಗಡಿಯವನು ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಾನೆ ಎನ್ನುವುದು ಬೇರೆ ಮಾತು.

ಆ ಅಡುಗೆಯ ಅಕ್ಕನ ಸೈಟು ಮಾತ್ರ ಹಾಗೇ ಇದೆ. ಮಾವನ ಹೊಸ ನಂಬರಿನಿಂದ ಹಳೆಯ ಅಗ್ರಿಮೆಂಟಿಗೆ ಏನೂ ಆಗುವುದಿಲ್ಲ. ಆ ಮಾರಾಟದಲ್ಲಿ ತಮಗೆ ಬಂದಿದ್ದ ಕಮಿಷನ್ ಅನ್ನು ಅವರು ಎರಡು ಕಂತಿನಲ್ಲಿ ವಾಪಸ್ ಕೊಟ್ಟರು. ಲೇಔಟ್ ಮಾಡಿದಾತನ ಮೇಲೆ ದೂರು ಬರೆಯಲು ಅದೇ ಲೇಔಟಿನ ಇನ್ನೂ ಹನ್ನೊಂದು ಮನೆಯವರನ್ನು ಒಟ್ಟು ಸೇರಿಸುತ್ತಿದ್ದಾರೆ. ಕಾಗದ ಟೈಪ್ ಮಾಡುವುದು ನನ್ನ ಪಾಲಿಗೆ ಬಂದಿದೆ. ಸೆಮಿಸ್ಟರ್ ಎಕ್ಸಾಂ ಮುಗಿದ ಮರುದಿನ ಎಲ್ಲರೂ ಜಗಲಿಗೆ ಬರಲು ಹೇಳಿದ್ದೇವೆ, ಅಗ್ರಿಮೆಂಟಿನ ಮೂಲ ಪ್ರತಿ, ಹಣ ಕಟ್ಟಿದ ರಸೀದಿ ತರಬೇಕು. ರಸೀದಿ ಇಲ್ಲದವರು ನಾಲ್ವರಿದ್ದಾರೆ. ಅವರು ಬ್ಯಾಂಕಿನಿಂದ ಹಣ ತೆಗೆದ ದಿನದ ಪಾಸ್‌ಬುಕ್ ಪುಟ ತಂದರೂ ಸಾಕು ಎಂದು ಮಾವ ಮನೆಮನೆಗೆ ಹೋಗಿ ಹೇಳಿ ಬಂದಿದ್ದಾರೆ.